ಅಂಚು ಕತ್ತರಿಸಿದ ಚರಿತ್ರೆ ಪುಸ್ತಕ

ನಮ್ಮ ಮೊಮ್ಮಗಳು ಮ್ಯಾಟ್ರಿಕ್ ಪಾಸಾದಳು! ಹೋದ ಶುಕ್ರವಾರ ಪತ್ರಿಕೆಯಲ್ಲಿ ಅವಳ ನಂಬರು ಬಂತು. ನಾನು ಬೆರಳಿಟ್ಟು ನೋಡಿದೆ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ, ಪಕ್ಕದ ಅಂಗಡಿಯವನನ್ನು ಕರೆದು ಅವನ ಕಣ್ಣಿನಿಂದಲೂ ನೋಡಿಸಿದೆ. ನಂಬರು ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಮನೆತನದಲ್ಲಿ ಗಂಡಸರೇ ಯಾರೂ ಆ ಪರೀಕ್ಷೆಯ ಹತ್ತಿರ ಹೋದವರಲ್ಲ. ಮನೆಯವರಿಗೆ ಕೂಗಿ ಹೇಳಿ, ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಬೀದಿಗೆ ಓಡಿದೆ. ದಾರಿಯಲ್ಲಿ ಕಂಡವರಿಗೆಲ್ಲ ಹೇಳಿದೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದವನೊಬ್ಬನಿಗೆ "ನಮ್ಮ ಹುಡುಗಿದು ಆತು ನೋಡಪಾ!" ಎಂದೆ. ಅವನು ನಿಂತು, "ಛಲೋ ಆತ್ ಬಿಡ್ರಿ. ಯಾವ ಊರಿಗೆ ಕೊಟ್ರಿ?" ಎಂದು ಕೇಳಿದ.

ಸಂತೋಷ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಒಂದು ಮಾತು ಬರೆದಿಡಬೇಕು. ಎಲ್ಲ ವಿಷಯಗಳಲ್ಲಿ ಪಾಸಾದರೆ ಮಾತ್ರ ಪತ್ರಿಕೆಯಲ್ಲಿ ನಂಬರು ಬರುತ್ತದೆ. ಹಾಗೆಂದರೆ ಅವಳು ಚರಿತ್ರೆಯಲ್ಲೂ ಪಾಸಾದಳು. ಆ ಚರಿತ್ರೆಯಲ್ಲಿ ಅವಳು ಇನ್ನೇನು ಬೀಳುವಂತೆ ಮಾಡಿದ್ದವನು ನಾನು. ಬೇರೆ ಯಾರೂ ಅಲ್ಲ.

ನಾನು ಹುಬ್ಬಳ್ಳಿಯಲ್ಲಿ ಪುಸ್ತಕ ಕಟ್ಟುವವ. ಜನ ಬೈಂಡರ್ ಎನ್ನುತ್ತಾರೆ. ಮುಂದೆ ಅಂಗಡಿ, ಹಿಂದೆ ಮನೆ. ಓದಿದ್ದು ಮೂರನೇ ಇಯತ್ತೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಪುಟದ ಅಂಕಿ ಮಾತ್ರ ಗೊತ್ತು. ಪುಸ್ತಕ ಕಟ್ಟಲು ಅಷ್ಟೇ ಸಾಕು.

ಹೋದ ವರ್ಷ ಆರು ತಿಂಗಳ ಪರೀಕ್ಷೆಯಲ್ಲಿ ಹುಡುಗಿಗೆ ಚರಿತ್ರೆಯಲ್ಲಿ ನೂರಕ್ಕೆ ಇಪ್ಪತ್ತೆರಡು ಬಂತು. ಸಾಲೆಯ ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ, ನನ್ನನ್ನೇ ಕರೆಸಿ ಹೇಳಿದರು: "ಉಳಿದದ್ದೆಲ್ಲಾ ಛಲೋ ಅದ ರೀ. ಚರಿತ್ರಿ ಒಂದು ಸುಧಾರಿಸಲಿಲ್ಲಂದ್ರ ಜನವರಿ ಟೆಸ್ಟಿನ ಮ್ಯಾಲೆ ನಾವು ಆಕಿ ಮ್ಯಾಟ್ರಿಕ್ ಫಾರ್ಮ್ ಕಳಸೂದಿಲ್ಲ. ಒಂದು ವರ್ಷ ಹಿಂದ ಬೀಳ್ತಾಳ." ಒಂದು ವರ್ಷ ಹಿಂದೆ ಬಿದ್ದ ಹುಡುಗಿಯನ್ನು ಮುಂದೆ ಓದಿಸುವ ಮಾತು ಯಾವ ಮನೆಯಲ್ಲೂ ಉಳಿಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಉತ್ತರವನ್ನು ಕನ್ನಡದಲ್ಲೇ ಬರೆಯಬಹುದಿತ್ತು. ಆದರೆ ಪುಸ್ತಕ ಇಂಗ್ಲಿಷಿನದು: ಫ್ರಾನ್ಸಿನ ಕ್ರಾಂತಿಯಿಂದ ಹಿಡಿದು ಹೋದ ಮಹಾಯುದ್ಧದವರೆಗೆ ಇಡೀ ಜಗತ್ತಿನ ಕಥೆ. ಈಗಿನ ಯುದ್ಧದಲ್ಲಿ ಹಡಗು ಸರಿಯಾಗಿ ಬರುತ್ತಿರಲಿಲ್ಲ, ಆ ಪುಸ್ತಕವೂ ಬರುತ್ತಿರಲಿಲ್ಲ. ಸಾಲೆಯಲ್ಲಿದ್ದದ್ದು ಒಂದೇ ಪ್ರತಿ. ಆಗ ನನ್ನ ಸೊಸೆ ಹೇಳಿದಳು: "ನಮ್ಮಪ್ಪನ ಹತ್ರ ಐತ್ರೀ ಮಾವಾರ. ಹಿಂದಕ ಅದನ್ನ ಕಲಸ್ತಿದ್ದ. ಹುಡುಗಿನ್ನ ಶನಿವಾರಕ್ಕೊಮ್ಮೆ ಧಾರವಾಡಕ್ಕ ಕಳಸೂಣು."

ಸೊಸೆಯ ತಂದೆ, ಅಂದರೆ ನಮ್ಮ ಬೀಗರು, ಧಾರವಾಡದ ಮಿಶನ್ ಸಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು, ನೆರಳು, ಎದುರಿಗೆ ಯಾರೋ ನಿಂತಿದ್ದಾರೆ ಎಂಬುದು ತಿಳಿಯುತ್ತದೆ, ಅಕ್ಷರ ಕಾಣುವುದಿಲ್ಲ. ಆದರೆ ಆ ಪುಸ್ತಕ ಅವರ ತಲೆಯಲ್ಲಿ ಪುಟ ಪುಟವಾಗಿ ಕೂತಿದೆ. ಕಣ್ಣು ಇದ್ದ ಕಾಲದಲ್ಲಿ ಪುಸ್ತಕದ ಅಂಚಿನ ತುಂಬ ಸಣ್ಣ ಅಕ್ಷರದಲ್ಲಿ ಕನ್ನಡದ ಟಿಪ್ಪಣಿ ಬರೆದಿದ್ದರು. ಪುಟದ ಮೇಲಂಚಿನಲ್ಲಿ ಇಸವಿ, ಪಕ್ಕದ ಅಂಚಿನಲ್ಲಿ ಅರ್ಥ. ಇಂಗ್ಲಿಷು ತೊಡರಿದಲ್ಲೆಲ್ಲ ಆ ಟಿಪ್ಪಣಿ ಕೈಹಿಡಿದು ದಾಟಿಸುವಂತಿತ್ತು.

ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ರೈಲು ಹತ್ತುವುದು, ಭಾನುವಾರ ಚರ್ಚಿನ ಆರಾಧನೆ ಮುಗಿಸಿ ಸಂಜೆಯ ಗಾಡಿಗೆ ಮರಳುವುದು. ಹೀಗೆ ಶುರುವಾಯಿತು. ನನ್ನ ಸಂಕಟವೂ ಅಲ್ಲೇ ಶುರುವಾಯಿತು.

ಸೋಮವಾರ ಬೆಳಿಗ್ಗೆ ರೊಟ್ಟಿ ಮುರಿಯುವ ಮೊದಲೇ ಅವಳ ಬಾಯಲ್ಲಿ "ಧಾರವಾಡದ ಅಜ್ಜಾರು ಹಂಗಂದ್ರು, ಧಾರವಾಡದ ಅಜ್ಜಾರು ಹಿಂಗಂದ್ರು." ಅಜ್ಜಾರು ರಶಿಯಾದ ಚಳಿಯನ್ನು ಹೇಳಿದರೆ ಮೈ ನಡುಗುತ್ತದಂತೆ. ಅಜ್ಜಾರು ಒಂದು ಮಾತನ್ನೂ ಎರಡು ಸಲ ಹೇಳುವುದಿಲ್ಲವಂತೆ. ಈ ಹುಡುಗಿ ಅಕ್ಷರ ಕಲಿಯುವ ಮೊದಲೇ ನನ್ನ ಅಂಗಡಿಯಲ್ಲಿ ಕೂತು ಹಾಳೆ ಮಡಿಸಲು ಕಲಿತವಳು. ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫರ್ಮಾ ಆಗುತ್ತದೆ. ಐದು ವರ್ಷದವಳಿದ್ದಾಗಲೇ ತಪ್ಪಿಲ್ಲದೆ ಫರ್ಮಾ ಜೋಡಿಸುತ್ತಿದ್ದಳು. ಬೀಗರು ಅವಳನ್ನು ನೋಡುತ್ತಿದ್ದುದು ಕ್ರಿಸ್‌ಮಸ್ಸಿಗೊಮ್ಮೆ. ಈಗ ಅವಳ ನಾಲಿಗೆಯ ಮೇಲೆ ಅವರೇ.

ಒಂದು ದಿನ ನಾನೂ ಕೇಳಿದೆ: "ಏನಂದ್ರು ನಿಮ್ಮ ಅಜ್ಜಾರು ಈ ವಾರ? ನನಗೂ ಒಂದಿಷ್ಟು ಹೇಳ."

"ಬಿಡೋ ಅಜ್ಜಾ. ಬಿಸ್ಮಾರ್ಕ್ ಅಂದ್ರ ನಿನಗ ತಿಳೀತೈತೇನು?" ಎಂದು ನಕ್ಕು ಎದ್ದು ಹೋದಳು.

ಅವಳ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ದಿನ ಸಭೆಯ ಕೀರ್ತನೆ ಪುಸ್ತಕವೊಂದನ್ನು ಹೊಲಿಯುವಾಗ ದಾರವನ್ನು ಎಷ್ಟು ಬಿಗಿಯಾಗಿ ಎಳೆದೆನೆಂದರೆ ಅದು ಹಾಳೆಯ ಮಡಿಕೆಯನ್ನೇ ಕೊಯ್ದು ಹೋಯಿತು. ಅರವತ್ತು ದಾಟಿದವ, ಪೊರೆ ಬಂದ ಮುದುಕನೊಬ್ಬನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೇನು? ಹೀಗೆ ನನ್ನನ್ನು ನಾನೇ ಬೈದುಕೊಂಡೆ. ಬೈದುಕೊಂಡರೂ ಅದು ಹೋಗಲಿಲ್ಲ. ಶನಿವಾರ ಅವಳು ಸ್ಟೇಶನ್ನಿಗೆ ಹೊರಟರೆ ನಾನು ತಲೆ ಎತ್ತುತ್ತಿರಲಿಲ್ಲ, ಅಂಟು ಕಲಸುತ್ತಲೇ ಇರುತ್ತಿದ್ದೆ.

ನವೆಂಬರ್ ಕೊನೆಗೆ ಅವಳು ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಹೊಲಿಗೆ ಸಡಿಲಾಗಿ ಕೊನೆಯ ಫರ್ಮಾ ಜೋತಾಡುತ್ತಿತ್ತು. "ಅಜ್ಜಾ, ಇದಕ್ಕೊಂದೆರಡು ಹೊಲಿಗಿ ಹಾಕ್ತೀಯೇನು? ಹಾಳಿ ಉದರಾಕತ್ತಾವ."

ನನ್ನ ಎದೆ ಅರಳಿತು. "ಎರಡು ಹೊಲಿಗಿ ಯಾಕ? ಹೊಸಾದ ಮಾಡಿ ಕೊಡ್ತೀನಿ!"

"ಹೊಲಿಗಿ ಅಷ್ಟ ಸಾಕೋ ಅಜ್ಜಾ. ಅವರದು ಅದು."

ಅವಳು ಹೇಳಿದಷ್ಟೇ ಮಾಡಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ರಟ್ಟು ತೆಗೆದೆ. ಬೆನ್ನಿನ ಒಣ ಅಂಟಿನ ಮೇಲೆ ಹಸಿ ಅಂಟು ಬಳಿದು, ಒಂದು ತಾಸು ನೆನೆಯಲು ಬಿಟ್ಟು, ಮರದ ಚೂರಿಯಿಂದ ಕೆರೆದೆ. ಇಪ್ಪತ್ನಾಲ್ಕು ಫರ್ಮಾ ಬಿಡಿಬಿಡಿಯಾದವು. ಮಡಿಕೆ ಹರಿದಲ್ಲಿ ತೆಳು ಕಾಗದದ ಪಟ್ಟಿ ಹಚ್ಚಿದೆ. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಹಾಕಿದೆ. ಮೂರು ಪಟ್ಟಿಯ ಮೇಲೆ ಜೋಡಿ ದಾರದಲ್ಲಿ ಹೊಲಿದೆ. ಕೆಂಪು ಬಟ್ಟೆ ಆರಿಸಿಟ್ಟೆ. ಉಳಿದದ್ದು ಅಂಚು ಕತ್ತರಿಸುವುದು. ಹೊಲಿಗೆಯಾದ ಮೇಲೆ, ರಟ್ಟು ಹಾಕುವ ಮೊದಲು ಮಾಡುವ ಕೆಲಸ ಅದು. ಪುಸ್ತಕವನ್ನು ಶಿಕಂಜಾದ ಎರಡು ಹಲಗೆಗಳ ನಡುವೆ ಬಿಗಿದು, ಉದ್ದನೆಯ ಅಲಗಿನಿಂದ ಮೂರೂ ಕಡೆಯ ಮಾಸಿದ ಅಂಚನ್ನು ಕೊಯ್ದರೆ ಪುಸ್ತಕ ಹೊಸದರಂತೆ ಬೆಳ್ಳಗೆ ಹೊಳೆಯುತ್ತದೆ.

ಈ ಕೆಲಸಕ್ಕೆ ಒಂದು ನಿಯಮವಿದೆ. ಅಲಗು ಇಳಿಸುವ ಮೊದಲು ಪ್ರತಿ ಹಾಳೆಯ ಅಂಚನ್ನು ನೋಡಬೇಕು. ಏನಾದರೂ ಬರೆದಿದ್ದರೆ ಅದರ ಹೊರಗೆ ಪೆನ್ಸಿಲ್ ಗೆರೆ ಎಳೆಯಬೇಕು, ಜಾಗ ಇಲ್ಲದಿದ್ದರೆ ಕತ್ತರಿಸಬಾರದು. ನನ್ನ ಕೈಕೆಳಗೆ ಕಲಿತವರಿಗೆಲ್ಲ ನಾನು ಮೊದಲು ಹೇಳುವ ಮಾತೇ ಇದು.

ಇಲ್ಲಿ ಖರೇ ಹೇಳಬೇಕು. ನಾನು ಹಾಳೆ ತಿರುವಿ ನೋಡಿದೆ. ಬರಹ ಅಂಚಿನ ತುದಿಯವರೆಗೆ ಹೋಗಿದ್ದು ಕಂಡಿತು. ಕಂಡ ಮೇಲೆ ಪುಸ್ತಕ ಮುಚ್ಚಿ, 'ಅರ್ಧ ಬೆರಳು ಹೋದರೆ ಏನಾಗುತ್ತದೆ, ಅಚ್ಚಿನ ಅಕ್ಷರ ಇದ್ದೇ ಇದೆಯಲ್ಲ' ಅಂದುಕೊಂಡೆ. ಎಲ್ಲಿ ನೋಡಿದರೂ ಬೀಗರ ಕೈಬರಹ. ಅದನ್ನು ಇನ್ನೊಮ್ಮೆ ತೆರೆದು ನೋಡುವ ಮನಸ್ಸಾಗಲಿಲ್ಲ. ಅಲಗು ಎಳೆದೆ. ಕತ್ತರಣೆ ಸುರುಳಿ ಸುರುಳಿಯಾಗಿ ಕಾಲಬಳಿ ಬಿತ್ತು. ಪುಸ್ತಕದ ಅಂಚು ಬೆಣ್ಣೆಯ ಹಾಗೆ ನುಣುಪಾಯಿತು. ನಿಮಗೆ ಏನು ಹೇಳಲಿ, ಆ ಗಳಿಗೆಯಲ್ಲಿ ನನಗೆ ಸುಖವಾಯಿತು.

ಶನಿವಾರ ಬೆಳಿಗ್ಗೆ ಕೆಂಪು ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ಮೇಲೆ ಕೈಯಾಡಿಸಿ, "ಎಷ್ಟು ಚಂದ ಮಾಡೀಯೋ ಅಜ್ಜಾ!" ಎಂದಳು. ತೆರೆದಳು. ಒಂದು ಪುಟ, ಇನ್ನೊಂದು ಪುಟ. ಬಲಗಡೆಯ ಪುಟದಲ್ಲಿ ಟಿಪ್ಪಣಿಯ ಸಾಲುಗಳಿಗೆ ಬಾಲವಿಲ್ಲ, ಎಡಗಡೆಯ ಪುಟದಲ್ಲಿ ತಲೆಯಿಲ್ಲ. ಮೇಲಂಚು ಪೂರ್ತಿ ಬೋಳು.

"ಅಜ್ಜಾ," ಎಂದಳು ಮೆಲ್ಲಗೆ, "ಇಸವಿ ಎಲ್ಲಿ ಹೋದುವು?"

ನನ್ನ ಬಾಯಿಂದ ಬಂದ ಮಾತು ಇದು: "ಅಂಚು ಹುಳಾ ತಿಂದಿತ್ತವ್ವಾ. ತಗೀದೇ ಗತಿ ಇರಲಿಲ್ಲ."

ಅವಳು ನನ್ನನ್ನು ನೋಡಿದಳು. ಪುಸ್ತಕ ಮುಚ್ಚಿ ಒಳಗೆ ಒಯ್ದಳು. ಆ ದಿನ ಧಾರವಾಡಕ್ಕೆ ಹೋಗಲಿಲ್ಲ, ಹೊಟ್ಟೆನೋವು ಎಂದು ಮಲಗಿದಳು. ಅಲ್ಲಿಗೆ ಒಂದು ಕಾರ್ಡು ಬರೆದು ಅಂಚೆಗೆ ಹಾಕಿದಳು. ಮರುವಾರವೆಲ್ಲ ಅರ್ಧ ಅರ್ಧ ಟಿಪ್ಪಣಿಯನ್ನು ಊಹೆಯಿಂದ ಕೂಡಿಸುತ್ತ ಕೂತಳು. ಸಾಲೆಯಲ್ಲಿ ಅಕ್ಕೋರು ಕೇಳಿದ ಸಣ್ಣ ಪರೀಕ್ಷೆಯಲ್ಲಿ ಯಾವ ಯುದ್ಧ ಮೊದಲು, ಯಾವುದು ಆಮೇಲೆ ಎಂಬುದೇ ತಲೆಕೆಳಗಾಯಿತಂತೆ. ಟೆಸ್ಟಿಗೆ ಏಳು ವಾರ ಉಳಿದಿತ್ತು.

ಗುರುವಾರ ಅವಳ ಹೆಸರಿಗೆ ಬೀಗರ ಕಾರ್ಡು ಬಂತು. ಅಂಚೆಯವನು ಅಂಗಡಿಯಲ್ಲಿ ನನ್ನ ಕೈಗೇ ಕೊಟ್ಟ. ಯಾರ ಕೈಯಿಂದಲೋ ಬರೆಸಿದ್ದರು. "ಪುಸ್ತಕದ ಮೇಲೆ ನೀರು ಚೆಲ್ಲಿ ಕೆಡಿಸಿದೆನೆಂದು, ಅದಕ್ಕಾಗಿ ಅಜ್ಜ ಅಂಚು ಕತ್ತರಿಸಬೇಕಾಯಿತೆಂದು ಬರೆದಿದ್ದೀಯ. ಒಂದು ಪುಸ್ತಕ ಕಾಯ್ದುಕೊಳ್ಳಲಾರದವಳು ಚರಿತ್ರೆ ಕಲಿತು ಏನು ಮಾಡುತ್ತೀ? ಈ ವಾರ ಬರುವುದು ಬೇಡ."

ಓದಿ ಮೊದಲು ನನಗೆ ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇನ್ನು ಅವಳು ಧಾರವಾಡಕ್ಕೆ ಹೋಗುವುದಿಲ್ಲ, ಅಷ್ಟೇ ಕಂಡಿತು ನನಗೆ. ಎರಡನೇ ಸಲ ಓದಿದಾಗ 'ನೀರು ಚೆಲ್ಲಿ' ಎಂಬಲ್ಲಿ ಕಣ್ಣು ನಿಂತಿತು. ನಾನು ಹುಳ ಎಂದಿದ್ದೆ. ಹುಳ ತಿಂದ ಹಾಳೆಗೆ ತೂತು ಇರುತ್ತದೆ, ಈ ಪುಸ್ತಕದಲ್ಲಿ ಒಂದು ತೂತೂ ಇರಲಿಲ್ಲ. ಅಂಗಡಿಯಲ್ಲಿ ಬೆಳೆದ ಹುಡುಗಿಗೆ ಅದು ತಿಳಿಯದೆ ಇರುತ್ತದೆಯೇ? ಮೊದಲ ಪುಟದಲ್ಲೇ ತಿಳಿದಿತ್ತು. ತಿಳಿದೂ ನನ್ನ ಸುಳ್ಳನ್ನು ನನಗೇ ಬಿಟ್ಟು, ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು.

ಕತ್ತರಣೆ ಹುಡುಕಿದೆ. ಮೂಲೆಯ ಚೀಲ ಖಾಲಿ. ಎದುರು ಮನೆಯ ಅಕ್ಕ ಬಂದು ಒಯ್ದಿದ್ದಳು. ಇಲ್ಲಿಯ ಹೆಂಗಸರು ಕಾಗದದ ಚೂರನ್ನು ಮೆಂತ್ಯದ ಜೊತೆ ನೆನೆಹಾಕಿ, ರುಬ್ಬಿ, ಬಿದಿರಿನ ಬುಟ್ಟಿಗೆ ಮೆತ್ತುತ್ತಾರೆ. ಬುಟ್ಟಿ ಗಟ್ಟಿಯಾಗುತ್ತದೆ, ಹಿಟ್ಟು ಸೋರುವುದಿಲ್ಲ. ಓಡಿದೆ.

"ಅಕ್ಕಾ, ಆ ಚೂರು ಏನ್ ಮಾಡಿದಿ?"

"ಅಕಾ ಅಲ್ಲಿ ಬಿಸಲಿಗೆ ಇಟ್ಟೀನಿ ನೋಡ. ಯಾಕ, ತಿರುಗಿ ಬೇಕೇನು? ಕೊಟ್ಟದ್ದನ್ನ ಕೇಳವರನ್ನ ನಿನ್ನಽ ನೋಡಿದ್ದು!"

ಬಿಸಿಲಲ್ಲಿ ಹೊಸದಾಗಿ ಮೆತ್ತಿದ ಬುಟ್ಟಿ ಒಣಗುತ್ತಿತ್ತು. ಸರಿಯಾಗಿ ರುಬ್ಬಿರದ ಚೂರೊಂದು ಹೊರಮೈಗೆ ಅಂಟಿತ್ತು. ಅದರ ಮೇಲೆ ಬೀಗರ ಕೈಯಲ್ಲಿ 'ಡೆನ್ಮಾ' ಎಂದಿತ್ತು. ಉಳಿದ ಜಗತ್ತೆಲ್ಲ ರುಬ್ಬಿಹೋಗಿತ್ತು.

"ಈ ಬುಟ್ಟಿ ನನಗ ಕೊಡ," ಎಂದೆ.

"ಕೊಡ್ತೀನಿ. ನನ್ನ ಕೀರ್ತನಿ ಪುಸ್ತಕ ಹರದೈತಿ, ಹೊಲದು ಕೊಡ. ಅದರ ಅಂಚು ಮಾತ್ರ ಮುಟ್ಟಬ್ಯಾಡ ಮಾರಾಯಾ. ನಿಮ್ಮ ಹುಡುಗಿ ಮಾರಿ ನೋಡೀನಿ ನಾನು."

ಓಣಿಗೇ ಗೊತ್ತಾಗಿತ್ತು ಎಂದಾಯಿತು.

ಶನಿವಾರ ಮೊಮ್ಮಗಳಿಗೂ ಹೇಳದೆ ನಾನೇ ರೈಲು ಹತ್ತಿದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಬುಟ್ಟಿ. ಬೀಗರು ಪಡಸಾಲೆಯಲ್ಲಿ ಕೂತಿದ್ದರು.

"ಯಾರು?"

"ನಾನ್ರೀ ಬೀಗರ. ಹುಬ್ಬಳ್ಳಿಯಂವಾ."

"ಬರ್ರಿ, ಕೂಡ್ರಿ. ಹುಡುಗಿನ್ನ ಕರಕೊಂಡು ಬಂದೀರೇನು? ಬ್ಯಾಡ ಅಂತ ಬರಸಿದ್ದೆ."

"ಆಕಿ ಬಂದಿಲ್ರಿ. ನೀರೂ ಬಿದ್ದಿಲ್ರಿ. ನಾನಽ ಕತ್ತರಿಸೇನ್ರಿ."

ಅವರು ಕೈ ಚಾಚಿದರು. ಪುಸ್ತಕ ಕೊಟ್ಟೆ. ಹೆಬ್ಬೆರಳಿನಿಂದ ಅಂಚನ್ನು ಸವರಿದರು, ಪಕ್ಕಕ್ಕೆ ಒಮ್ಮೆ, ಮೇಲೆ ಒಮ್ಮೆ.

"ಎಷ್ಟು ಹೋತು?"

"ಅರ್ಧ ಬಟ್ಟು ರೀ."

"ಮ್ಯಾಲಿಂದು?"

"ಅದೂ ಅಷ್ಟ ರೀ."

"ಹಂಗಾದ್ರ ಇಸವಿ ಒಂದೂ ಉಳದಿಲ್ಲ." ಪುಸ್ತಕವನ್ನು ಪಕ್ಕಕ್ಕೆ ಇಟ್ಟರು. "ಕಣ್ಣು ಹೋಗಿದ್ದು ನನಗ. ನಿಮಗೇನಾಗಿತ್ತು?"

ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಹೊಟ್ಟಿಕಿಚ್ಚು ರೀ," ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದರು. ಮಾಸ್ತರರು ಬೈಯುವ ರೀತಿಯಲ್ಲಿ, ದನಿ ಏರಿಸದೆ, ಒಂದೊಂದೇ ಮಾತು ಆರಿಸಿ ಬೈದರು. ನಾನು ಬುಟ್ಟಿ ಹಿಡಿದು ಕೂತಿದ್ದೆ. ಕೊನೆಗೆ ಅವರೇ ಕೇಳಿದರು: "ಏನೋ ಮೆಂತ್ಯದ ವಾಸನಿ ಬರಲಿಕ್ಕೆ ಹತ್ಯದಲ್ಲ?"

"ನಿಮ್ಮ ಟಿಪ್ಪಣಿ ರೀ," ಎಂದು ಬುಟ್ಟಿಯನ್ನು ಅವರ ತೊಡೆಯ ಮೇಲೆ ಇಟ್ಟೆ.

ಅವರು ಅದನ್ನು ತಿರುಗಿಸಿ ಮುರುಗಿಸಿ ಮುಟ್ಟಿ ನೋಡಿದರು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: "ಹುಡುಗಿ ಇಲ್ಲಿ ಬಂದು ಏನ್ ಮಾಡ್ತಾಳ ಗೊತ್ತದ ಏನು ನಿಮಗ? ಪಾಠ ಸುರು ಮಾಡೂ ಮೊದಲ ಅರ್ಧಾ ತಾಸು ನಿಮ್ಮ ಅಂಗಡಿ ಸುದ್ದಿ. ಅಜ್ಜ ಹೊಲದದ್ದು ಹರಿಯೂದಿಲ್ಲ, ಅಜ್ಜ ಅಂಟಿನ ವಾಸನೀ ಮ್ಯಾಲೆ ಹುಳಿ ಆಗ್ಯದೋ ಇಲ್ಲೋ ಹೇಳ್ತಾನ. ಕೇಳಿ ಕೇಳಿ ನನಗೂ ಉರೀತದ. ಆದ್ರ ನಾನೇನು ನಿಮ್ಮ ಶಿಕಂಜಾ ಮುರೀಲಿಕ್ಕೆ ಬಂದೀನೇನು?"

ನಾಚಿ ತಲೆ ತಗ್ಗಿಸಿದೆ. ಒಳಗೊಳಗೆ ಒಂದಿಷ್ಟು ಹಿಗ್ಗಿದೆ, ಅದೂ ಖರೇ.

ಟಿಪ್ಪಣಿಯೆಲ್ಲ ಅವರ ತಲೆಯಲ್ಲಿದೆ, ಬರೆದುಕೊಳ್ಳುವವರು ಬೇಕು. ಹುಡುಗಿ ಬರೆದುಕೊಳ್ಳುತ್ತ ಕೂತರೆ ಓದುವುದು ಯಾವಾಗ? "ನಾ ಬರೀತೀನ್ರಿ," ಎಂದೆ.

"ನೀವು? ಎಷ್ಟು ಕಲಿತೀರಿ?"

"ಮೂರನೇ ಇಯತ್ತೆ ರೀ. ಕನ್ನಡ ಬರತೈತಿ. ಸಾವಕಾಶ ಹೇಳಬೇಕು ನೀವು."

"ಸಾವಕಾಶ ಹೇಳೂದಽ ನನ್ನ ಕಸಬು. ಆದ್ರ ಬರಿಯೂದು ಎಲ್ಲಿ? ಅಂಚು ನೀವು ಇಟ್ಟಿಲ್ಲ."

ಅದಕ್ಕೆ ಒಂದೇ ದಾರಿ ಇತ್ತು. ನಾನು ನಾಲ್ಕು ದಿನ ಕೂತು ಕಟ್ಟಿದ ಆ ಕೆಂಪು ಪುಸ್ತಕವನ್ನು ಮತ್ತೆ ಬಿಚ್ಚಿ, ಅಚ್ಚಿನ ಹಾಳೆಗಳ ನಡುನಡುವೆ ಖಾಲಿ ಹಾಳೆ ಸೇರಿಸಿ ಕಟ್ಟುವುದು. ಕಳೆದ ಹತ್ತು ವರ್ಷದಲ್ಲಿ ಅಂಥ ಚಂದದ ಕೆಲಸ ನಾನು ಮಾಡಿರಲಿಲ್ಲ. ಭಾನುವಾರ ಮನೆಗೆ ಬಂದು ಮೊಮ್ಮಗಳ ಮುಂದೆಯೇ ಪುಸ್ತಕದ ಬೆನ್ನಿನ ಮೇಲೆ ಚೂರಿ ಇಟ್ಟೆ. ಹುಳದ ಮಾತು ಸುಳ್ಳೆಂದು ಹೇಳಿದೆ. "ಗೊತ್ತೈತೋ ಅಜ್ಜಾ," ಎಂದಳು. ನನ್ನ ಪಕ್ಕ ಕೂತು ದಾರ ಬಿಚ್ಚತೊಡಗಿದಳು.

ಯುದ್ಧದ ಕಾಲ, ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ. ಆದರೆ ಹಳೆಯ ಪುಸ್ತಕ ಬಿಚ್ಚಿದಾಗಲೆಲ್ಲ ಮೊದಲಿನ ಮತ್ತು ಕೊನೆಯ ಖಾಲಿ ಹಾಳೆ ಎತ್ತಿಡುವ ಚಟ ನನಗಿತ್ತು. ನೂರಕ್ಕೆ ಹತ್ತಿರ ಸಿಕ್ಕವು. ಕೆಲವು ಬಿಳಿ, ಕೆಲವು ಹಳದಿ, ಒಂದೆರಡು ತಿಳಿನೀಲಿ. ಮೊದಲ ವಾರ ಬರೆದದ್ದೆಲ್ಲ ಹಾಳಾಯಿತು. ಹಳೆಯ ಕಾಗದ ಶಾಯಿ ಹೀರಿ, 'ನೆಪೋಲಿಯನ್' ಎಂದು ಬರೆದರೆ ಒಂದು ಜಿರಳೆ ಬಿದ್ದಂತೆ ಕಾಣುತ್ತಿತ್ತು. ಆಮೇಲೆ ಹಾಳೆಗಳಿಗೆ ತಿಳಿಗಂಜಿ ಹಚ್ಚಿ, ನೆರಳಿಗೆ ಒಣಗಿಸಿ, ಗಾಜಿನ ಗುಂಡಿನಿಂದ ತಿಕ್ಕಿದೆ. ಶಾಯಿ ನಿಂತಿತು. ಒಂದು ವಾರ ಮಾತ್ರ ಹೋಯಿತು.

ಇನ್ನು ಪ್ರತಿ ಶನಿವಾರ ಇಬ್ಬರೂ ಧಾರವಾಡಕ್ಕೆ. ಅವಳು ಇಂಗ್ಲಿಷ್ ಪುಟ ಗಟ್ಟಿಯಾಗಿ ಓದುತ್ತಿದ್ದಳು, ಬೀಗರು ಕಣ್ಣು ಮುಚ್ಚಿ ಕೇಳಿ ಟಿಪ್ಪಣಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಜರ್ಮನಿ ಕಟ್ಟಲಿಕ್ಕೆ ಬಿಸ್ಮಾರ್ಕನ ಮೂರು ಮೆಟ್ಟಲು. ಮೊದಲು ಡೆನ್ಮಾರ್ಕ್, ಆಮೇಲೆ ಆಸ್ಟ್ರಿಯಾ, ಕಡೀಕ ಫ್ರಾನ್ಸ್. ಬರದ್ರೇನು? ಮೆಟ್ಟಲು ಹೆಂಗ ಅದಾವೋ ಹಂಗ ಬರೀರಿ, ಒಂದರ ಮ್ಯಾಲೆ ಒಂದು." ಅವರಿಬ್ಬರೂ ಏನೋ ನೆನೆಸಿಕೊಂಡು ನಕ್ಕರೆ ನನ್ನ ಪೆನ್ನು ನಿಲ್ಲುತ್ತಿತ್ತು. ಹೊಟ್ಟೆಕಿಚ್ಚು ಒಂದು ಸಲ ಹೇಳಿಕೊಂಡರೆ ಹೋಗುವ ರೋಗವಲ್ಲ.

ಒಂದು ಶನಿವಾರ ಯಂತ್ರಗಳ ಪಾಠ ಬಂತು. ಇಂಗ್ಲೆಂಡಿನಲ್ಲಿ ನೂಲುವ, ನೇಯುವ ಯಂತ್ರ ಬಂದದ್ದು, ಕೆಲಸ ಕಳೆದುಕೊಂಡವರು ಸುತ್ತಿಗೆ ಹಿಡಿದು ಅವನ್ನು ಮುರಿದದ್ದು. ನಾನು ಬರೆಯುವುದನ್ನು ನಿಲ್ಲಿಸಿದೆ. "ಬೀಗರ, ಆ ಯಂತ್ರ ನಡಸಾಕ ಕೂತವರು ಯಾರ್ರಿ ಮತ್ತ? ಮಗ್ಗ ಬಿಟ್ಟವರಽ ಏನು?"

ಬೀಗರು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿಯೇ, "ಅಲ್ಲೋ ಅಜ್ಜಾ, ತಡಿ, ನಾ ಹೇಳ್ತೀನಿ," ಎಂದು ಶುರುಮಾಡಿದಳು. ಸಣ್ಣ ಮಕ್ಕಳು ಹೇಗೆ ಬಂದರು, ಹೆಂಗಸರು ಹೇಗೆ ಬಂದರು, ಹಳ್ಳಿ ಬಿಟ್ಟು ಊರು ಯಾಕೆ ಸೇರಿದರು, ನಮ್ಮ ಹುಬ್ಬಳ್ಳಿಯ ಗಿರಣಿಯ ಭೋಂಗಾ ಕೂಗಿದ್ದು ಕೇಳಿ ಜನ ಓಡುತ್ತಾರಲ್ಲ ಹಾಗೆ ಎಂದು, ಪುಸ್ತಕ ನೋಡದೆ ಕೈ ಆಡಿಸಿ ಆಡಿಸಿ ಹೇಳಿದಳು. ಅವಳಿಗೆ ತಿಳಿದದ್ದು ನನಗೆ ತಿಳಿಯುವಂತೆ ಹೇಳಬೇಕಿತ್ತಲ್ಲ.

ಅವಳು ನೀರು ತರಲು ಎದ್ದಾಗ ಬೀಗರು ಮೆಲ್ಲಗೆ ಹೇಳಿದರು: "ಇಷ್ಟು ದಿನಾ ನನ್ನ ಮಾತು ನನಗಽ ತಿರುಗಿಸಿ ಹೇಳತಿದ್ಲು ಬೀಗರ. ಇವತ್ತು ತನ್ನ ಮಾತು ಹೇಳಿದ್ಲು." ಅವರ ಮುಖ ಬಾಡಿತ್ತು. ಆ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದೆ.

ಅಲ್ಲಿಂದ ಮುಂದೆ ಅವಳು ನನಗೆ ಎಲ್ಲ ಹೇಳತೊಡಗಿದಳು. ರೈಲಿನಲ್ಲಿ, ಅಂಟು ಕುದಿಯುವಾಗ, ರೊಟ್ಟಿ ತಿನ್ನುವಾಗ. ನನಗೆ ತಿಳಿಯದಿದ್ದರೆ ಮತ್ತೆ ಹೇಳುತ್ತಿದ್ದಳು. ರಶಿಯಾದ ಚಳಿಗೆ ನನ್ನ ಮೈಯೂ ನಡುಗಿತು. ಬರೆದ ಹಾಳೆ ಸೇರಿ ಪುಸ್ತಕ ದಪ್ಪವಾದ್ದರಿಂದ ಎರಡು ಭಾಗ ಮಾಡಿ ಕಟ್ಟಿದೆ. ಬೆನ್ನಿಗೆ ಸರೇಸಿನ ಗಟ್ಟಿ ಅಂಟು ಹಾಕಲಿಲ್ಲ, ಪೂರ್ತಿ ತೆರೆದಿಟ್ಟರೂ ಮುಚ್ಚಿಕೊಳ್ಳಬಾರದಲ್ಲ. ಅಂಚು ಮುಟ್ಟಲಿಲ್ಲ. ಬಣ್ಣ ಬಣ್ಣದ ಹಾಳೆಗಳು ಹಿಂದೆ ಮುಂದೆ ಚಾಚಿಕೊಂಡು ಪ್ರಾಯದಲ್ಲೇ ಮುಪ್ಪು ಬಂದಂತೆ ಕಾಣುತ್ತಿತ್ತು ಆ ಪುಸ್ತಕ. ಬೇರೆ ಬೈಂಡರ್ ಯಾರಾದರೂ ನೋಡಿದ್ದರೆ ನನ್ನ ಮಾನ ಹೋಗುತ್ತಿತ್ತು.

ಜನವರಿ ಟೆಸ್ಟಿನಲ್ಲಿ ಚರಿತ್ರೆಗೆ ಐವತ್ತೊಂದು. ಅಕ್ಕೋರು ಫಾರ್ಮ್ ಕಳಿಸಿದರು. ಮಾರ್ಚಿನಲ್ಲಿ ಪರೀಕ್ಷೆ ಬರೆದು ಹೊರಗೆ ಬಂದವಳು ಗೇಟಿನಲ್ಲಿ ನಿಂತಿದ್ದ ನನಗೆ ಮೂರು ಬೆರಳು ಎತ್ತಿ ತೋರಿಸಿದಳು. ಬಿಸ್ಮಾರ್ಕ್ ಬಂದಿದ್ದ.

ಮಿಕ್ಕದ್ದು ಮೊದಲೇ ಹೇಳಿದ್ದೇನೆ. ಶುಕ್ರವಾರ ನಂಬರು ಕಂಡ ಕೂಡಲೇ ಮಗನನ್ನು ಧಾರವಾಡಕ್ಕೆ ಓಡಿಸಿದೆ. ಸಂಜೆಯ ಗಾಡಿಗೆ ಬೀಗರು ಬಂದರು. ಸೊಸೆ ಕುರಿಯ ಸಾರು ಮಾಡಿದ್ದಳು, ಜೋಳದ ರೊಟ್ಟಿ, ಎಣ್ಣೆಗಾಯಿ, ಬೆಲ್ಲದ ಸಜ್ಜಕ. ಸಕ್ಕರೆಗೆ ರೇಷನ್ ಇದ್ದರೂ ಬೆಲ್ಲಕ್ಕೆ ಕೈ ಬಿಗಿಹಿಡಿಯಲಿಲ್ಲ. ಬೀಗರು ಪ್ರಾರ್ಥನೆ ಮಾಡಿದರು. ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಹುಡುಗಿ ನಮ್ಮಿಬ್ಬರ ನಡುವೆ.

ಎರಡು ತುತ್ತು ಆದ ಮೇಲೆ ಸೊಸೆ ಮಾತು ತೆಗೆದಳು. "ಮಾವಾರ, ಕಾಲೇಜಿಗೆ ಹೋಗ್ತೀನಿ ಅಂತಾಳ್ರಿ. ಚರಿತ್ರಿನಽ ತಗೋತಾಳಂತ. ಕಾಲೇಜು ಇರೂದು ಧಾರವಾಡದಾಗ… ನಮ್ಮಪ್ಪನ ಮನ್ಯಾಗ ಇರಲ್ಯಾ?"

ಎಲ್ಲರ ಕೈ ನಿಂತಿತು. ಬೀಗರು ನನ್ನ ದನಿ ಬರುವ ದಿಕ್ಕಿಗೆ ಕಿವಿ ಕೊಟ್ಟು ಕೂತರು. ಇನ್ನು ವಾರದ ಐದು ದಿನ ಅವಳು ಅವರ ಮನೆಯ ಹುಡುಗಿ. ಹಳೆಯ ಕಿಚ್ಚು ಎದೆಗೆ ಬಂದು ನಿಂತಿತು.

"ಇರಲಿ," ಎಂದೆ. "ಮತ್ತೆಲ್ಲಿ ಇರಬೇಕಾಕಿ?"

ಹುಡುಗಿ ನನ್ನ ಕಡೆ ನೋಡಲಿಲ್ಲ. ಕೈ ಚಾಚಿ ನನ್ನ ತಾಟಿನೊಳಗಿನ ದೊಡ್ಡ ಎಲುಬಿನ ತುಂಡನ್ನು ಕೇಳದೆ ಎತ್ತಿಕೊಂಡಳು. ಸಣ್ಣವಳಿದ್ದಾಗ ಎತ್ತಿಕೊಳ್ಳುತ್ತಿದ್ದ ಹಾಗೆಯೇ. ಬೀಗರ ತಾಟಿನಿಂದಲ್ಲ, ನನ್ನ ತಾಟಿನಿಂದ! ಮ್ಯಾಟ್ರಿಕ್ ಪಾಸಾದದ್ದು ನಾನೇ ಅನ್ನಿಸಿತು.

ಎಲುಬು ಹೀರುವ ಸಪ್ಪಳ ಕೇಳಿ ಬೀಗರು ತಲೆ ಎತ್ತಿದರು. "ಏನೋ ಕದ್ಲಲ್ಲ ಹುಡುಗಿ? ಯಾರ ತಾಟಿಗೆ ಕೈ ಹಾಕಿದ್ಲು?" ನಗುತ್ತಲೇ ಕೇಳಿದರು, ಆದರೆ ಕೈ ತಾಟಿನ ಅಂಚಿನಲ್ಲಿ ಕಾಯುತ್ತಿತ್ತು.

ನಾನು ರೊಟ್ಟಿ ಮುರಿದೆ. "ನಿಮ್ಮ ತಾಟಿಗೆ ರೀ ಬೀಗರ," ಎಂದೆ.

"ಹೌದೇನು!" ಎಂದು ತಾಟಿನಲ್ಲಿ ಬೆರಳಾಡಿಸಿದರು. "ಹೌದ್ ನೋಡ್ರಿ, ಇಲ್ಲೇ ಇತ್ತು ಒಂದು. ನನಗ ಗೊತ್ತಽ ಆಗಲಿಲ್ಲ!" ಎಂದು ಹಿಗ್ಗಿ ಹಿಗ್ಗಿ ನಕ್ಕರು. ಹುಡುಗಿ ಬಾಯಿ ತುಂಬಿಕೊಂಡು ನನ್ನನ್ನೇ ನೋಡುತ್ತ ಕೂತಳು. ಸೊಸೆ ಬಂದು ಬೀಗರಿಗೆ ಇನ್ನೊಂದು ತುಂಡು ಬಡಿಸಿದಳು, ನನಗೂ ಬಡಿಸಿದಳು, ಎಲ್ಲರೂ ಊಟ ಮಾಡಿದೆವು.